ಗಾಯಕ್ಕೆ ಹೆದರಿ ಮೈದಾನ ಬಿಡಬೇಕೆ?

ಮೈ ದಣಿಸದೆ ಕೂತಿದ್ದರೆ ಸಕ್ಕರೆ ಕಾಯಿಲೆ, ಬಿ.ಪಿ. ಬಂದೇ ಬರುತ್ತವೆ ಎಂದು ಡಾಕ್ಟರು ಎಚ್ಚರಿಸುತ್ತಾರೆ. ನೆಂಟರಿಷ್ಟರ ಬಾಯಲ್ಲಿ ಮಾತ್ರ ಬೇರೆಯೇ ಬುದ್ಧಿವಾದ ಓಡಾಡುತ್ತಿರುತ್ತದೆ. ನಲವತ್ತು ದಾಟಿತಲ್ಲ, ಇನ್ನು ಓಡಬೇಡಿ, ಮಂಡಿ ಸವೆಯುತ್ತದೆ. ಭಾರ ಎತ್ತಬೇಡಿ, ಸೊಂಟ ಹಿಡಿದುಕೊಳ್ಳುತ್ತದೆ. ಜಿಮ್ಮಿಗೆ ಹೋಗುವವರಿಗೇ ಈಗ ಹೃದಯಾಘಾತ ಆಗುತ್ತಿರುವುದು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡ ಮೇಲೆ ಈ ಭಯ ಕರ್ನಾಟಕದ ಮನೆಮನೆಯನ್ನೂ ಹೊಕ್ಕಿತು. ಅದರ ಬೆನ್ನಲ್ಲೇ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ತಪಾಸಣೆಗೆ ಜನ ಸಾಲುಗಟ್ಟಿದರು. ತಪಾಸಣೆ ಮಾಡಿಸಿಕೊಂಡದ್ದು ಒಳ್ಳೆಯದೇ ಆಯಿತು. ಆದರೆ ಅದೇ ಭಯದಲ್ಲಿ ವ್ಯಾಯಾಮ ಬಿಟ್ಟು ಸುಮ್ಮನಿರುವುದೇ ಕ್ಷೇಮ ಎಂದುಕೊಂಡರೆ ಅದು ತಪ್ಪು ಲೆಕ್ಕ.

ಆಟ ಮತ್ತು ವ್ಯಾಯಾಮದಿಂದ ಗಾಯ ಆಗುವುದು ನಿಜ. ಉಳುಕು, ಸ್ನಾಯು ಸೆಳೆತ, ಮೂಳೆಯ ಬಿರುಕು, ಮಂಡಿಯೊಳಗಿನ ಅಸ್ಥಿರಜ್ಜು ಹರಿಯುವುದು, ಯಾವುದನ್ನೂ ಹಗುರವಾಗಿ ಕಾಣುವಂತಿಲ್ಲ. ಅವನ್ನು ತಡೆಯುವ ಬಗೆ ಏನು ಎಂಬ ಬಗ್ಗೆ ಕಳೆದ ಕೆಲವು ದಶಕಗಳಲ್ಲಿ ಸಾಕಷ್ಟು ಸಂಶೋಧನೆ ನಡೆದಿದೆ. ನಾವು ಶಾಲೆಯಲ್ಲಿ ಕಲಿತು ಬಂದ ಕೆಲವು ನಂಬಿಕೆಗಳನ್ನು ಅದು ಬುಡಮೇಲು ಮಾಡಿದೆ, ನಮ್ಮ ಗರಡಿಮನೆಯ ಹಿರಿಯರಿಗೆ ಅನುಭವದಿಂದ ಗೊತ್ತಿದ್ದ ಕೆಲವನ್ನು ಎತ್ತಿಹಿಡಿದಿದೆ. ಅದೆಲ್ಲವನ್ನೂ ಓದಿದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಹೆಚ್ಚಿನ ಗಾಯಗಳಿಗೆ ಕಾರಣ ಶ್ರಮವಲ್ಲ, ಸಿದ್ಧತೆಯಿಲ್ಲದ ದಿಢೀರ್ ಶ್ರಮ. ಗಾಯದಿಂದ ಕಾಪಾಡುವುದೂ ವಿಶ್ರಾಂತಿಯಲ್ಲ, ಹಂತಹಂತವಾಗಿ ಗಳಿಸಿಕೊಂಡ ಬಲ.

ಮೊದಲು ಕೂತಿರುವುದರ ಬೆಲೆ ಎಷ್ಟು ಎಂದು ನೋಡೋಣ. 1953ರಲ್ಲಿ ಜೆರೆಮಿ ಮಾರಿಸ್ ಎಂಬ ಬ್ರಿಟಿಷ್ ವೈದ್ಯರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ದಿನವಿಡೀ ಸೀಟಿನಲ್ಲಿ ಕೂರುವ ಚಾಲಕರಿಗಿಂತ, ಟಿಕೆಟ್ ಕೊಡುತ್ತ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಲ್ಲಿ ಹೃದ್ರೋಗ ಸ್ಪಷ್ಟವಾಗಿ ಕಡಿಮೆಯಿತ್ತು. ಒಂದೇ ಸಂಸ್ಥೆ, ಒಂದೇ ಊರು, ಹತ್ತಿರಹತ್ತಿರ ಅದೇ ಸಂಬಳ. ಎದ್ದು ಕಾಣುವ ವ್ಯತ್ಯಾಸವೆಂದರೆ ಮೈಯ ಚಲನೆ. ಇವತ್ತಿನ ವ್ಯಾಯಾಮ ವಿಜ್ಞಾನದ ಬಹುಪಾಲು ಆ ಬಸ್ಸಿನಿಂದಲೇ ಹೊರಟದ್ದು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥ ಮಧ್ಯಮ ಶ್ರಮ ಮಾಡಬೇಕು; ಇಲ್ಲವೇ 75ರಿಂದ 150 ನಿಮಿಷ ಓಟದಂಥ ತೀವ್ರ ಶ್ರಮ. ಅದರ ಜೊತೆಗೆ ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಈ ಕೊನೆಯ ಮಾತನ್ನು ನಮ್ಮಲ್ಲಿ ಹೆಚ್ಚಿನವರು ಕೇಳಿಯೇ ಇಲ್ಲ. ವಾಕಿಂಗ್ ಮಾಡಿದರೆ ಮುಗಿಯಿತು ಎಂದು ತಿಳಿದವರೇ ಬಹಳ.

2024ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಬಂದ ಅಂದಾಜಿನಂತೆ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಮಂದಿ ಈ ಕನಿಷ್ಠ ಮಟ್ಟವನ್ನೂ ಮುಟ್ಟುತ್ತಿಲ್ಲ. ಗಂಡಸರಲ್ಲಿ ಈ ಪ್ರಮಾಣ ಶೇ. 42, ಹೆಂಗಸರಲ್ಲಿ ಶೇ. 57. ಇಡೀ ಜಗತ್ತಿನ ಸರಾಸರಿ ಶೇ. 31. ಹಾಗಾಗಿ ವ್ಯಾಯಾಮದ ಅಪಾಯವನ್ನು ಅಳೆಯುವಾಗ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿದೆ ಎಂಬುದನ್ನು ಮರೆಯಬಾರದು.

ಈಗ ಗಾಯದ ವಿಷಯ. ಸ್ನಾಯು, ಮೂಳೆ, ಸ್ನಾಯುರಜ್ಜು, ಎಲ್ಲವೂ ತಮ್ಮ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ಬದಲಾಗುವ ಜೀವಂತ ವಸ್ತುಗಳು. ವರ್ಷಗಟ್ಟಲೆ ಟೆನಿಸ್ ಆಡಿದವರ ರ‍್ಯಾಕೆಟ್ ಹಿಡಿಯುವ ಕೈಯ ಮೂಳೆ ಇನ್ನೊಂದು ಕೈಯದಕ್ಕಿಂತ ದಪ್ಪವಾಗಿರುತ್ತದೆ. ಆದರೆ ಎಲ್ಲ ಅಂಗಾಂಶಗಳೂ ಒಂದೇ ವೇಗದಲ್ಲಿ ಬಲಿಯುವುದಿಲ್ಲ. ಹೃದಯ ಮತ್ತು ಶ್ವಾಸಕೋಶ ಕೆಲವೇ ವಾರಗಳಲ್ಲಿ ಪಳಗುತ್ತವೆ, ಸ್ನಾಯುಗಳೂ ಬೇಗನೆ ಬಲಗೊಳ್ಳುತ್ತವೆ. ಸ್ನಾಯುವನ್ನು ಮೂಳೆಗೆ ಕಟ್ಟಿರುವ ರಜ್ಜುಗಳು ನಿಧಾನ. ಮೂಳೆ ತನ್ನ ಹಳೆಯ ಭಾಗವನ್ನು ಕರಗಿಸಿ ಹೊಸದಾಗಿ ಕಟ್ಟಿಕೊಳ್ಳಲು ಮೂರು ನಾಲ್ಕು ತಿಂಗಳೇ ಬೇಕು. ಹೊಸದಾಗಿ ಓಡಲು ಶುರುಮಾಡಿದವರು ಮೋಸಹೋಗುವುದು ಇಲ್ಲಿಯೇ. ಎರಡನೆಯ ತಿಂಗಳಿಗೆ ಉಸಿರು ಕಟ್ಟುವುದು ನಿಂತಿರುತ್ತದೆ, ಕಾಲಿಗೆ ಹುರುಪು ಬಂದಿರುತ್ತದೆ, ಊರಲ್ಲೊಂದು ಹತ್ತು ಕಿಲೋಮೀಟರ್ ಓಟದ ಜಾಹೀರಾತೂ ಕಾಣಿಸುತ್ತದೆ. ಉಸಿರು ತಯಾರಾಗಿದೆ ಎಂದು ಹಿಮ್ಮಡಿಯ ರಜ್ಜು, ಮೊಣಕಾಲ ಕೆಳಗಿನ ಮೂಳೆ ತಯಾರಾಗಿರುವುದಿಲ್ಲ. ನೋವು ಅಲ್ಲಿಂದಲೇ ಹೊರಡುತ್ತದೆ.

ಓಟಗಾರರ ನಡುವೆ ‘ವಾರಕ್ಕೆ ಶೇ. 10ಕ್ಕಿಂತ ಹೆಚ್ಚಿಸಬೇಡ’ ಎಂಬ ಸೂತ್ರ ಬಹುಕಾಲದಿಂದ ಇದೆ. ನೆದರ್ಲೆಂಡ್ಸಿನ ಗ್ರೋನಿಂಗನ್‌ನಲ್ಲಿ ಇದನ್ನು ಪರೀಕ್ಷೆಗೊಡ್ಡಿದರು. ಹೊಸ ಓಟಗಾರರ ಒಂದು ಗುಂಪಿಗೆ 8 ವಾರದ ಮಾಮೂಲಿ ತರಬೇತಿ, ಇನ್ನೊಂದಕ್ಕೆ 13 ವಾರದ ನಿಧಾನದ ತರಬೇತಿ. 2008ರಲ್ಲಿ ಫಲಿತಾಂಶ ಬಂದಾಗ ಎರಡೂ ಗುಂಪುಗಳಲ್ಲಿ ಐವರಲ್ಲಿ ಒಬ್ಬರಂತೆ ಗಾಯಗೊಂಡಿದ್ದರು, ವ್ಯತ್ಯಾಸವೇ ಇರಲಿಲ್ಲ. ಸೂತ್ರ ಸುಳ್ಳು ಎಂದೇ ಹಲವರು ಬರೆದರು. ಆದರೆ 2025ರಲ್ಲಿ 5,000ಕ್ಕೂ ಹೆಚ್ಚು ಓಟಗಾರರ ಕೈಗಡಿಯಾರಗಳ ದಾಖಲೆಯಿಂದ ಹೊಮ್ಮಿದ ಅಧ್ಯಯನವೊಂದು ವಿಷಯವನ್ನು ಬೇರೆ ಕಡೆಯಿಂದ ತೋರಿಸಿತು. ವಾರದ ಒಟ್ಟು ಲೆಕ್ಕ ಅಷ್ಟು ಮುಖ್ಯವಲ್ಲ. ಹಿಂದಿನ 30 ದಿನಗಳಲ್ಲಿ ಓಡಿದ ಅತಿ ಉದ್ದದ ಓಟಕ್ಕಿಂತ ಶೇ. 10ಕ್ಕೂ ಹೆಚ್ಚು ದೂರವನ್ನು ಒಂದೇ ಸಲಕ್ಕೆ ಓಡಿದಾಗ ಗಾಯದ ಸಾಧ್ಯತೆ ಏರಿತ್ತು. ಎರಡು ಪಟ್ಟಿಗೂ ಮೀರಿ ಓಡಿದವರಲ್ಲಿ ಇನ್ನಷ್ಟು ಏರಿತ್ತು. ಭಾನುವಾರದ ಒಂದು ಹುಮ್ಮಸ್ಸಿನ ಓಟ ತಿಂಗಳ ಶ್ರಮವನ್ನು ನುಂಗಿಹಾಕಬಲ್ಲದು.

ಕ್ರಿಕೆಟ್ಟಿನ ವೇಗದ ಬೌಲಿಂಗಿನಲ್ಲಿ ಇದು ಇನ್ನೂ ನಿಚ್ಚಳವಾಗಿ ಕಾಣುತ್ತದೆ. ಚೆಂಡು ಬಿಡುವ ಕ್ಷಣದಲ್ಲಿ ಬೌಲರನ ಮುಂಗಾಲು ನೆಲಕ್ಕೆ ಅಪ್ಪಳಿಸಿ ನಿಲ್ಲುತ್ತದೆ, ಸೊಂಟ ಪಕ್ಕಕ್ಕೆ ಬಾಗಿ ತಿರುಚಿಕೊಳ್ಳುತ್ತದೆ. ಆ ತಿರುಚು ಬೀಳುವುದು ಕೆಳಬೆನ್ನಿನ ಮೂಳೆಯ ಒಂದು ತೆಳುವಾದ ಭಾಗದ ಮೇಲೆ. ಮೈಸೂರಿನ ಜಾವಗಲ್ ಶ್ರೀನಾಥ್ 1997ರಲ್ಲಿ ಭುಜದ ಗಾಯದಿಂದ ತಿಂಗಳುಗಟ್ಟಲೆ ಹೊರಗುಳಿದು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. ಬೆಂಗಳೂರಿನ ಪ್ರಸಿದ್ಧ್ ಕೃಷ್ಣ 2023ರ ಐ.ಪಿ.ಎಲ್. ಅನ್ನು ಪೂರ್ತಿ ಕಳೆದುಕೊಂಡದ್ದು ಬೆನ್ನುಮೂಳೆಯ ಬಿರುಕಿನಿಂದ. ಅದೇ ವರ್ಷದ ಮಾರ್ಚಿನಲ್ಲಿ ಜಸ್‌ಪ್ರೀತ್ ಬುಮ್ರಾ ಬೆನ್ನಿನ ಶಸ್ತ್ರಚಿಕಿತ್ಸೆಗೆ ನ್ಯೂಜಿಲೆಂಡಿಗೆ ಹೋದರು. ಆಸ್ಟ್ರೇಲಿಯದ ವೈದ್ಯ ಜಾನ್ ಆರ್ಚರ್ಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಬಹಳ ಮುಖ್ಯ. ಒಂದು ಪಂದ್ಯದಲ್ಲಿ 50 ಓವರುಗಳಿಗಿಂತ ಹೆಚ್ಚು ಎಸೆದವರಿಗೆ ಗಾಯದ ಅಪಾಯ ಹೆಚ್ಚುತ್ತದೆ ಎಂದು ಅವರು ಕಂಡುಕೊಂಡರು. ಗಮನಿಸಬೇಕಾದದ್ದು, ಆ ಅಪಾಯ ಕಾಣಿಸಿಕೊಂಡದ್ದು ಮುಂದಿನ ಮೂರು ವಾರಗಳಲ್ಲಿ. ಅತಿಭಾರದ ಫಲ ತಡವಾಗಿ ಬರುತ್ತದೆ. ಅದಕ್ಕೇ ‘ನಿನ್ನೆ ಏನೂ ಆಗಲಿಲ್ಲವಲ್ಲ’ ಎಂಬ ಧೈರ್ಯವನ್ನು ನಂಬುವಂತಿಲ್ಲ.

ಹಾಗೆಂದು ಕಡಿಮೆ ಎಸೆದರೆ, ಕಡಿಮೆ ಓಡಿದರೆ ಕ್ಷೇಮ ಎಂದೂ ಅಲ್ಲ. ಆಸ್ಟ್ರೇಲಿಯದ ಕ್ರೀಡಾ ವಿಜ್ಞಾನಿ ಟಿಮ್ ಗ್ಯಾಬೆಟ್ 2016ರಲ್ಲಿ ಮಂಡಿಸಿದ ವಾದ ಇದೇ. ತಿಂಗಳುಗಟ್ಟಲೆ ಚೆನ್ನಾಗಿ ದುಡಿಸಿಕೊಂಡ ದೇಹ ಕಠಿಣವಾದ ವಾರವನ್ನೂ ತಾಳಿಕೊಳ್ಳುತ್ತದೆ. ಮುದ್ದಿನಿಂದ ಇಟ್ಟುಕೊಂಡ ದೇಹ ಅದೇ ವಾರಕ್ಕೆ ಕುಸಿಯುತ್ತದೆ. ಒಂದು ವಾರದ ಶ್ರಮವನ್ನು ಹಿಂದಿನ ವಾರಗಳ ಸರಾಸರಿಗೆ ಹೋಲಿಸಲು ಅವರು ಕೊಟ್ಟ ಗಣಿತದ ಅನುಪಾತವನ್ನು ಆಮೇಲೆ ಸಂಖ್ಯಾಶಾಸ್ತ್ರಜ್ಞರು ತೀವ್ರವಾಗಿ ಟೀಕಿಸಿದ್ದಾರೆ, ಆ ಟೀಕೆಯಲ್ಲಿ ಹುರುಳಿದೆ. ಅನುಪಾತ ಬಿದ್ದುಹೋದರೂ ಮೂಲ ಮಾತು ಉಳಿದುಕೊಂಡಿದೆ.

ಈ ಮಾತು ನಮಗೆ ಹೊಸದೂ ಅಲ್ಲ. ವಾಗ್ಭಟನ ಆಯುರ್ವೇದ ಗ್ರಂಥ ಅಷ್ಟಾಂಗಹೃದಯ ವ್ಯಾಯಾಮವನ್ನು ಅರ್ಧ ಶಕ್ತಿಯಷ್ಟು ಮಾತ್ರ ಮಾಡಬೇಕೆಂದು ಹೇಳುತ್ತದೆ, ಋತುವನ್ನು ನೋಡಿ ಮಾಡಬೇಕೆಂದೂ ಹೇಳುತ್ತದೆ. ಹಳೆ ಮೈಸೂರಿನ ಗರಡಿಗಳಲ್ಲಿ ಹುಡುಗ ಸೇರಿದ ದಿನವೇ ಕುಸ್ತಿಗೆ ಇಳಿಯುತ್ತಿರಲಿಲ್ಲ. ಮಟ್ಟಿ ಕೆದಕಿ ಹದ ಮಾಡಬೇಕು, ದಂಡ ಹೊಡೆಯಬೇಕು, ಬಸ್ಕಿ ಹೊಡೆಯಬೇಕು, ಗದೆ ತಿರುಗಿಸಬೇಕು. ಮೈ ಗಟ್ಟಿಯಾಯಿತು ಎಂದು ಉಸ್ತಾದರಿಗೆ ಅನ್ನಿಸಿದ ಮೇಲೆ ಜೋಡಿ. ಮಟ್ಟಿಯ ಮೆತ್ತನೆಯ ಮಣ್ಣೂ ಬೀಳುವವನನ್ನು ಕಾಪಾಡುತ್ತಿತ್ತು. ಇವತ್ತಿನ ಕ್ರೀಡಾ ವಿಜ್ಞಾನ ಉಪಕರಣಗಳನ್ನಿಟ್ಟು ಅಳೆದು ಹೇಳುತ್ತಿರುವ ಬಹಳಷ್ಟು ಸಂಗತಿ ಆ ದಿನಚರಿಯಲ್ಲಿತ್ತು.

ಮಂಡಿ ಸವೆಯುವ ಮಾತನ್ನು ಇಲ್ಲೇ ಮುಗಿಸಿಬಿಡಬಹುದು. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹವ್ಯಾಸಕ್ಕೆ ಓಡುವವರಲ್ಲಿ ಸೊಂಟ ಅಥವಾ ಮಂಡಿಯ ಸಂಧಿವಾತ ಶೇ. 3.5ರಷ್ಟು ಮಂದಿಗೆ ಇತ್ತು. ಓಡದೆ ಕೂತವರಲ್ಲಿ ಶೇ. 10.2. ಸ್ಪರ್ಧೆಗಾಗಿ ಓಡುವ ವೃತ್ತಿಪರರಲ್ಲಿ ಮಾತ್ರ ಅದು ಶೇ. 13.3ಕ್ಕೆ ಏರಿತ್ತು. ಮಿತವಾಗಿ ಓಡಿದ ಮಂಡಿ ಕೆಡುತ್ತದೆ ಎಂಬ ಮಾತಿಗೆ ಇದರಲ್ಲಿ ಆಧಾರವಿಲ್ಲ.

ಇನ್ನು ನಮ್ಮ ಶಾಲಾ ಮೈದಾನಗಳಲ್ಲಿ ಬೇರೂರಿರುವ ಒಂದು ಪದ್ಧತಿ. ಆಟಕ್ಕೆ ಮೊದಲು ಸಾಲಾಗಿ ನಿಲ್ಲಿಸಿ, ಕಾಲು ಚಾಚಿಸಿ, ಎಂಟರವರೆಗೆ ಎಣಿಸುತ್ತ ಸ್ಟ್ರೆಚ್ ಮಾಡಿಸುವುದು. ಇದರಿಂದ ಗಾಯ ತಪ್ಪುತ್ತದೆ ಎಂದು ಮೇಷ್ಟ್ರುಗಳೂ ನಂಬಿದ್ದಾರೆ, ಮಕ್ಕಳೂ ನಂಬಿದ್ದಾರೆ. ಆಸ್ಟ್ರೇಲಿಯದ ಸೇನೆಗೆ ಹೊಸದಾಗಿ ಸೇರಿದ 1,538 ಯುವಕರನ್ನು ಎರಡು ಭಾಗ ಮಾಡಿ ಇದನ್ನೇ ಪರೀಕ್ಷಿಸಿದರು. ಒಂದು ಭಾಗಕ್ಕೆ ವ್ಯಾಯಾಮದ ಮೊದಲು ಸ್ಟ್ರೆಚಿಂಗ್, ಇನ್ನೊಂದಕ್ಕೆ ಇಲ್ಲ. ವಾರ್ಮ್ ಅಪ್ ಇಬ್ಬರಿಗೂ ಇತ್ತು. 12 ವಾರಗಳ ತರಬೇತಿ ಮುಗಿದಾಗ ಗಾಯದ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಯಾರು ಗಾಯಗೊಳ್ಳುತ್ತಾರೆ ಎಂಬುದನ್ನು ಮುಂಚಿತವಾಗಿ ಸೂಚಿಸಿದ ಒಂದು ಸಂಗತಿ ಮಾತ್ರ ಆ ಅಧ್ಯಯನದಲ್ಲಿ ಎದ್ದು ಕಂಡಿತು: ಸೇನೆಗೆ ಬಂದ ದಿನ ಅವರಿಗಿದ್ದ ದೈಹಿಕ ಕಸುವು. ಕಸುವು ಕಡಿಮೆ ಇದ್ದವರೇ ಹೆಚ್ಚು ಗಾಯಗೊಂಡರು. 2000ದಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ನಮ್ಮ ದೈಹಿಕ ಶಿಕ್ಷಣದ ಕಾಲೇಜುಗಳಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಗೂ ಓದಿಸಬೇಕು.

2014ರಲ್ಲಿ ಡೆನ್ಮಾರ್ಕಿನ ಸಂಶೋಧಕರು 25 ಪ್ರಯೋಗಗಳನ್ನು, 26,000ಕ್ಕೂ ಹೆಚ್ಚು ಮಂದಿಯ ಮಾಹಿತಿಯನ್ನು ಒಟ್ಟಿಗಿಟ್ಟು ನೋಡಿದರು. ಸ್ಟ್ರೆಚಿಂಗಿನಿಂದ ಗಾಯ ತಡೆಯುವ ಲಾಭ ಕಾಣಲಿಲ್ಲ. ಬಲವರ್ಧನೆಯ ವ್ಯಾಯಾಮ ಮಾತ್ರ ಗಾಯಗಳನ್ನು ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆಗೆ ಇಳಿಸಿತ್ತು. ಸ್ಟ್ರೆಚಿಂಗ್ ಕೆಟ್ಟದ್ದೆಂದು ಇದರರ್ಥವಲ್ಲ. ಕೀಲುಗಳ ಚಲನೆಗೆ ಅದು ಬೇಕು, ನೃತ್ಯಕ್ಕೂ ಜಿಮ್ನಾಸ್ಟಿಕ್ಸಿಗೂ ಬೇಕೇ ಬೇಕು. ಗಾಯದಿಂದ ಕಾಯುವ ಕೆಲಸವನ್ನು ಅದಕ್ಕೆ ವಹಿಸಿ ನಿಶ್ಚಿಂತರಾಗಬಾರದು, ಅಷ್ಟೇ.

ಹಾಗಾದರೆ ಆಟಕ್ಕೆ ಮೊದಲು ಏನು ಮಾಡಬೇಕು? ಇದಕ್ಕೆ ಇಂದು ಇರುವ ಅತ್ಯುತ್ತಮ ಉತ್ತರ ಫುಟ್‌ಬಾಲಿನಿಂದ ಬಂದಿದೆ. ಫಿಫಾದ ವೈದ್ಯಕೀಯ ತಂಡ ಓಸ್ಲೋದ ಕ್ರೀಡಾ ಗಾಯ ಸಂಶೋಧನಾ ಕೇಂದ್ರದೊಂದಿಗೆ ಸೇರಿ ರೂಪಿಸಿದ ‘ಫಿಫಾ 11 ಪ್ಲಸ್’ ಎಂಬ ವಾರ್ಮ್ ಅಪ್‌ಗೆ ಬೇಕಾದದ್ದು 20 ನಿಮಿಷ. ಮೊದಲ 8 ನಿಮಿಷ ನಿಧಾನ ಓಟ, ಅದರಲ್ಲೇ ಸೊಂಟ ತಿರುಗಿಸುವುದು, ಜೊತೆಗಾರನ ಸುತ್ತ ಸುತ್ತುವುದು. ಆಮೇಲೆ 10 ನಿಮಿಷ ಬಲ, ಸಮತೋಲನ ಮತ್ತು ಜಿಗಿತ: ಮೊಣಕೈ ಊರಿ ಹಲಗೆಯಂತೆ ನಿಲ್ಲುವುದು, ಒಂಟಿಕಾಲಲ್ಲಿ ನಿಂತು ಚೆಂಡು ಹಿಡಿಯುವುದು, ಬಸ್ಕಿ, ಜಿಗಿದು ಮೆತ್ತಗೆ ಇಳಿಯುವುದು. ಕೊನೆಗೆ 2 ನಿಮಿಷ ವೇಗದ ಓಟ. ಚೆಂಡು ಬಿಟ್ಟರೆ ಬೇರೆ ಸಾಮಾನು ಬೇಡ. ನಾರ್ವೆಯಲ್ಲಿ 13ರಿಂದ 17 ವರ್ಷದ 1,892 ಹುಡುಗಿಯರ ಮೇಲೆ ಇದನ್ನು ಒಂದು ಋತು ಪರೀಕ್ಷಿಸಿದಾಗ ಗಾಯಗಳು ಸುಮಾರು ಮೂರನೇ ಒಂದು ಭಾಗ ಕಡಿಮೆಯಾದವು, ತೀವ್ರ ಗಾಯಗಳು ಹತ್ತಿರಹತ್ತಿರ ಅರ್ಧಕ್ಕಿಳಿದವು. 2008ರಲ್ಲಿ ಬಂದ ಫಲಿತಾಂಶ ಇದು. 13ಕ್ಕಿಂತ ಚಿಕ್ಕ ಮಕ್ಕಳಿಗಾಗಿ ಮಾಡಿದ ಇನ್ನೊಂದು ರೂಪವನ್ನು ಯುರೋಪಿನ ನಾಲ್ಕು ದೇಶಗಳಲ್ಲಿ ನೋಡಿದಾಗಲೂ ಗಾಯ ಅರ್ಧದಷ್ಟು ಇಳಿಯಿತು. ಇದರ ಮುಖ್ಯ ಪಾಠ ಜಿಗಿದು ಇಳಿಯುವ ರೀತಿಯಲ್ಲಿದೆ. ಇಳಿಯುವಾಗ ಮಂಡಿ ಬಾಗಿರಬೇಕು, ಒಳಮುಖವಾಗಿ ಕುಸಿಯಬಾರದು. ಮಂಡಿಯ ಎ.ಸಿ.ಎಲ್. ಎಂಬ ಅಸ್ಥಿರಜ್ಜು ಹರಿಯುವುದು ಬಹುಪಾಲು ಯಾರೂ ಡಿಕ್ಕಿ ಹೊಡೆದಾಗಲ್ಲ, ಓಡುತ್ತ ದಿಕ್ಕು ಬದಲಿಸುವಾಗ ಅಥವಾ ಹೀಗೆ ತಪ್ಪಾಗಿ ಇಳಿಯುವಾಗ. ಕಬಡ್ಡಿ, ಖೋ ಖೋ, ವಾಲಿಬಾಲ್ ಮೂರರಲ್ಲೂ ಇರುವುದು ಇದೇ ಚಲನೆಗಳು.

ತೊಡೆಯ ಹಿಂಬದಿಯ ಸ್ನಾಯುವಿನದು, ಆಟಗಾರರ ಮಾತಿನ ಹ್ಯಾಮ್‌ಸ್ಟ್ರಿಂಗಿನದು, ಯುರೋಪಿನ ದೊಡ್ಡ ಫುಟ್‌ಬಾಲ್ ಕ್ಲಬ್ಬುಗಳ ವೈದ್ಯರನ್ನು ಕಾಡುವ ಅತಿ ಸಾಮಾನ್ಯ ಗಾಯ. 2001–02ರಲ್ಲಿ ಆ ಕ್ಲಬ್ಬುಗಳ ಗಾಯಗಳಲ್ಲಿ ಶೇ. 12 ಇದಾಗಿದ್ದರೆ 2021–22ಕ್ಕೆ ಶೇ. 24 ಆಗಿತ್ತು. ತಡೆಯುವ ದಾರಿ ಗೊತ್ತಿಲ್ಲದೆ ಏನಲ್ಲ. ಮಂಡಿಯೂರಿ ಕೂತು, ಜೊತೆಗಾರ ಹಿಮ್ಮಡಿ ಹಿಡಿದಿರುವಾಗ ಮೈಯನ್ನು ನೇರವಾಗಿಟ್ಟು ನಿಧಾನವಾಗಿ ಮುಂದಕ್ಕೆ ಬಾಗುವ ಒಂದು ವ್ಯಾಯಾಮವಿದೆ, ಅದಕ್ಕೆ ನಾರ್ಡಿಕ್ ಎಂದು ಹೆಸರು. ಇದರಿಂದ ಹ್ಯಾಮ್‌ಸ್ಟ್ರಿಂಗ್ ಗಾಯ ಸುಮಾರು ಅರ್ಧ ಕಡಿಮೆಯಾಗುತ್ತದೆ ಎಂದು ಡೆನ್ಮಾರ್ಕ್ ಮೊದಲಾದ ಕಡೆಯ ಪ್ರಯೋಗಗಳು ತೋರಿಸಿವೆ. ಆದರೂ 2015ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಯುರೋಪಿನ ಅಗ್ರ ತಂಡಗಳಲ್ಲಿ ಸುಮಾರು ಹತ್ತರಲ್ಲೊಂದು ಮಾತ್ರ ಅದನ್ನು ಪೂರ್ತಿಯಾಗಿ ಮಾಡುತ್ತಿತ್ತು! ಹಣವಿದೆ, ಫಿಸಿಯೋಗಳಿದ್ದಾರೆ, ಪುರಾವೆಯಿದೆ; ಆಚರಣೆ ಮಾತ್ರ ಇಲ್ಲ. ಗಾಯ ತಡೆಯುವ ಪ್ರಶ್ನೆಯಲ್ಲಿ ಇವತ್ತು ಉಳಿದಿರುವ ದೊಡ್ಡ ತೊಡಕು ಜ್ಞಾನದ ಕೊರತೆಯಲ್ಲ, ಬೇಸರ ತರಿಸುವ ಒಂದು ಅಭ್ಯಾಸವನ್ನು ವರ್ಷವಿಡೀ ಬಿಡದೆ ನಡೆಸುವ ಶಿಸ್ತಿನ ಕೊರತೆ.

ಯೋಗದಲ್ಲಿ ಗಾಯವಾಗುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆಗುತ್ತದೆ. ಪದ್ಮಾಸನಕ್ಕೆ ಒಗ್ಗದ ಸೊಂಟವನ್ನು ಬಲವಂತ ಮಾಡಿದರೆ ತಿರುಚು ಮಂಡಿಗೆ ಬೀಳುತ್ತದೆ. ಭುಜಕ್ಕೆ ಬಲವಿಲ್ಲದೆ ಶೀರ್ಷಾಸನ ಮಾಡಿದರೆ ಭಾರವೆಲ್ಲ ಕುತ್ತಿಗೆಯ ಮೇಲೆ. 1930ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರು ನಡೆಸುತ್ತಿದ್ದ ಯೋಗಶಾಲೆಯಿಂದ ಎರಡು ಧಾರೆ ಹೊರಟವು. ಹಾಸನ ಜಿಲ್ಲೆಯ ಕೌಶಿಕದ ಪಟ್ಟಾಭಿ ಜೋಯಿಸರು ಕಟ್ಟಿದ್ದು ಒಂದರ ಹಿಂದೊಂದು ಆಸನ ಬರುವ ಬಿರುಸಿನ ಅಷ್ಟಾಂಗ ವಿನ್ಯಾಸ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಪುಣೆಯಲ್ಲಿ ಹಗ್ಗ, ಪಟ್ಟಿ, ಮರದ ಇಟ್ಟಿಗೆ, ಕುರ್ಚಿಗಳ ನೆರವಿನಿಂದ ಆಸನವನ್ನೇ ದೇಹಕ್ಕೆ ಹೊಂದಿಸುವ ದಾರಿ ಹಿಡಿದರು. ವಯಸ್ಸಾದವರಿಗೂ ನೋವಿರುವವರಿಗೂ ನಾನು ಹೇಳುವುದು ಅಯ್ಯಂಗಾರರ ದಾರಿಯನ್ನೇ.

ಮಕ್ಕಳ ವಿಷಯ ಬೇರೆಯೇ ಗಮನ ಬೇಡುತ್ತದೆ. ನಗರಗಳಲ್ಲಿ ಏಳೆಂಟು ವರ್ಷಕ್ಕೇ ಮಗುವನ್ನು ಒಂದೇ ಆಟದ ಅಕಾಡೆಮಿಗೆ ಸೇರಿಸಿ, ವರ್ಷಪೂರ್ತಿ ಅದನ್ನೇ ಆಡಿಸುವ ಹುಚ್ಚು ಬೆಳೆಯುತ್ತಿದೆ. ಅಮೆರಿಕದಲ್ಲಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಸುಲಭವಾಗಿ ನೆನಪಿಟ್ಟುಕೊಳ್ಳಬಹುದಾದ ಅಳತೆ ಕೊಟ್ಟಿದೆ: ವಾರದಲ್ಲಿ ಸಂಘಟಿತ ಆಟದ ಗಂಟೆಗಳು ಮಗುವಿನ ವಯಸ್ಸಿನ ಸಂಖ್ಯೆಯನ್ನು ಮೀರಿದರೆ ಗಾಯದ ಸಾಧ್ಯತೆ ಹೆಚ್ಚು. ಹತ್ತು ವರ್ಷದವನಿಗೆ ವಾರಕ್ಕೆ ಹತ್ತು ಗಂಟೆ ಸಾಕು. ನಿದ್ದೆಯೂ ಲೆಕ್ಕಕ್ಕೆ ಬರುತ್ತದೆ. ಎಂಟು ಗಂಟೆಗಿಂತ ಕಡಿಮೆ ಮಲಗುವ ಹದಿಹರೆಯದ ಆಟಗಾರರಲ್ಲಿ ಗಾಯ 1.7 ಪಟ್ಟು ಹೆಚ್ಚು ಎಂದು 2014ರ ಅಧ್ಯಯನ ಹೇಳಿತು. ನಸುಕಿನಲ್ಲಿ ಮೈದಾನ, ರಾತ್ರಿಯವರೆಗೆ ಟ್ಯೂಷನ್ ಎಂಬ ದಿನಚರಿಯಲ್ಲಿ ಮೊದಲು ಕಳೆದುಹೋಗುವುದು ನಿದ್ದೆಯೇ.

ಬಸ್ಕಿಯನ್ನು ಶಿಕ್ಷೆಯಾಗಿ ಬಳಸುವುದನ್ನು ಇನ್ನಾದರೂ ನಿಲ್ಲಿಸಬೇಕು. ಅಭ್ಯಾಸವಿಲ್ಲದ ಮಗುವಿನಿಂದ ಒಂದೇ ಸಲಕ್ಕೆ ನೂರಾರು ಬಸ್ಕಿ ಹೊಡೆಸಿದರೆ ತೊಡೆಯ ಸ್ನಾಯುಕೋಶಗಳು ಒಡೆದು, ಒಳಗಿನ ಪ್ರೋಟೀನು ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕೆಡಿಸಬಹುದು. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಅದು ತುರ್ತು ಸ್ಥಿತಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ದೇಹಕ್ಕಾಗುವ ಹಾನಿ ಒಂದಾದರೆ, ವ್ಯಾಯಾಮವೆಂದರೆ ದಂಡನೆ ಎಂದು ಮಗುವಿನ ಮನಸ್ಸಿಗೆ ಹತ್ತುವ ಜಿಗುಪ್ಸೆ ಇನ್ನೊಂದು. ಅದು ಆಯುಷ್ಯಪೂರ್ತಿ ಉಳಿಯುತ್ತದೆ.

ಹೆಣ್ಣುಮಕ್ಕಳಲ್ಲಿ ಎ.ಸಿ.ಎಲ್. ಗಾಯ ಅದೇ ಆಟದ ಹುಡುಗರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಕಾರಣಗಳ ಬಗ್ಗೆ ಚರ್ಚೆ ಮುಗಿದಿಲ್ಲ. ಸೊಂಟದ ರಚನೆ, ಹಾರ್ಮೋನು ಎಂದು ಪಟ್ಟಿ ಮಾಡುತ್ತಾರೆ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಹುಡುಗಿಯರಿಗೆ ಬಲವರ್ಧನೆಯ ತರಬೇತಿಯನ್ನೇ ಕೊಡದಿರುವುದು. ಭಾರ ಎತ್ತಿದರೆ ಮೈ ಗಂಡಸರಂತಾಗುತ್ತದೆ ಎಂಬ ಹೆದರಿಕೆ ಇನ್ನೂ ಹೋಗಿಲ್ಲ. ಇದರ ಜೊತೆಗೆ ಊಟದ ಪ್ರಶ್ನೆ. ಶ್ರಮಕ್ಕೆ ತಕ್ಕಷ್ಟು ತಿನ್ನದಿದ್ದರೆ ಮುಟ್ಟು ಏರುಪೇರಾಗುತ್ತದೆ, ಮೂಳೆ ಸೊರಗಿ ಬಿರುಕು ಬಿಡುತ್ತದೆ. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಈ ಸ್ಥಿತಿಯ ಬಗ್ಗೆ ವಿಶೇಷ ಹೇಳಿಕೆ ಹೊರಡಿಸಿ, ಗಂಡಸರಿಗೂ ಇದು ಬರುತ್ತದೆ ಎಂದಿತು. ಓಡುವ ಹುಡುಗಿಗೆ ತಿಂಗಳುಗಟ್ಟಲೆ ಮುಟ್ಟು ನಿಂತರೆ ಅದನ್ನು ಒಳ್ಳೆಯ ತರಬೇತಿಯ ಗುರುತೆಂದು ಭಾವಿಸದೆ ವೈದ್ಯರಿಗೆ ತೋರಿಸಬೇಕು.

ಅರವತ್ತೈದು ದಾಟಿದವರಿಗೆ ದೊಡ್ಡ ಅಪಾಯ ಬೀಳುವುದರಲ್ಲಿದೆ. ಬಚ್ಚಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಹಿರಿಯರು ಮತ್ತೆ ಮೊದಲಿನಂತೆ ಓಡಾಡುವುದು ಕಷ್ಟ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2019ರ ಕಾಕ್ರೇನ್ ಸಮೀಕ್ಷೆಯ ಪ್ರಕಾರ ವ್ಯಾಯಾಮದಿಂದ ಬೀಳುವ ಪ್ರಮಾಣ ಶೇ. 23ರಷ್ಟು ಇಳಿಯುತ್ತದೆ. ಅದರಲ್ಲೂ ಕೆಲಸ ಮಾಡುವುದು ಸಮತೋಲನದ ಅಭ್ಯಾಸ ಮತ್ತು ಕಾಲಿನ ಬಲ. ಗೋಡೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು, ಕೈ ಊರದೆ ಕುರ್ಚಿಯಿಂದ ಏಳುವುದು, ಇಷ್ಟನ್ನು ಮನೆಯಲ್ಲೇ ಮಾಡಬಹುದು. ‘ಅಮ್ಮ, ನೀವು ಕೂತುಕೊಳ್ಳಿ, ನಾನು ಮಾಡುತ್ತೇನೆ’ ಎಂಬ ಪ್ರೀತಿಯ ಮಾತು ಎಷ್ಟೋ ಸಲ ಆ ತಾಯಿಯ ಕಾಲಿನ ಬಲವನ್ನೇ ಕಸಿದುಕೊಳ್ಳುತ್ತದೆ.

ಮತ್ತೆ ಹೃದಯದ ಮಾತಿಗೆ ಬರೋಣ. ಜೋರಾಗಿ ಶ್ರಮಪಡುವ ಹೊತ್ತಿನಲ್ಲಿ ಹೃದಯಕ್ಕೆ ಅಪಾಯ ಸ್ವಲ್ಪ ಏರುತ್ತದೆ ಎಂಬುದು ನಿಜ. ಎಷ್ಟು? ಅಮೆರಿಕದ 21,000ಕ್ಕೂ ಹೆಚ್ಚು ಪುರುಷ ವೈದ್ಯರನ್ನು 12 ವರ್ಷ ಗಮನಿಸಿದ ಅಧ್ಯಯನದ ಪ್ರಕಾರ ತೀವ್ರ ಶ್ರಮದ 15.1 ಲಕ್ಷ ಸಂದರ್ಭಗಳಿಗೆ ಒಂದು ಹಠಾತ್ ಸಾವು. ಆ ಚಿಕ್ಕ ಅಪಾಯವೂ ನಿಯಮಿತವಾಗಿ ವ್ಯಾಯಾಮ ಮಾಡುವವರಲ್ಲಿ ಇನ್ನಷ್ಟು ಕುಗ್ಗಿತ್ತು. ಅಪರೂಪಕ್ಕೆ ಮೈ ದಣಿಸುವವರಲ್ಲಿ ಹೆಚ್ಚಿತ್ತು. ಇಲ್ಲೂ ಅದೇ ಕಥೆ: ದಿಢೀರ್ ಶ್ರಮವೇ ಅಪಾಯಕಾರಿ. ಇಟಲಿಯಲ್ಲಿ 1982ರಿಂದ ಸ್ಪರ್ಧಾತ್ಮಕ ಕ್ರೀಡಾಪಟುಗಳಿಗೆ ಇ.ಸಿ.ಜಿ. ಕಡ್ಡಾಯ. ವೆನೆಟೊ ಪ್ರಾಂತ್ಯದಲ್ಲಿ ಯುವ ಆಟಗಾರರ ಹಠಾತ್ ಸಾವು ಅದರಿಂದ ಶೇ. 89ರಷ್ಟು ಇಳಿಯಿತು ಎಂದು ಅಲ್ಲಿಯ ವೈದ್ಯರು ವರದಿ ಮಾಡಿದರು. ಇಸ್ರೇಲಿನಲ್ಲಿ ಅಂಥದೇ ಕಾನೂನು ಬಂದರೂ ಆ ಲಾಭ ಕಾಣಲಿಲ್ಲ. ಹಾಗಾಗಿ ಎಲ್ಲರಿಗೂ ಇ.ಸಿ.ಜಿ. ಬೇಕೇ ಎಂಬುದು ತೀರ್ಮಾನವಾಗದ ಪ್ರಶ್ನೆ. ಆದರೆ ಕುಟುಂಬದಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತ ಆಗಿದ್ದವರು, ಸಕ್ಕರೆ ಕಾಯಿಲೆ ಇರುವವರು, ಬೀಡಿ ಸಿಗರೇಟು ಸೇದುವವರು ತೀವ್ರ ವ್ಯಾಯಾಮ ಶುರುಮಾಡುವ ಮುನ್ನ ವೈದ್ಯರನ್ನು ಕಾಣಲೇಬೇಕು. ಶ್ರಮಪಡುವಾಗ ಎದೆ ಬಿಗಿದರೆ, ತಲೆಸುತ್ತು ಬಂದು ಕುಸಿದರೆ, ಎಂದೂ ಇಲ್ಲದ ಏದುಸಿರು ಬಂದರೆ ಅಲ್ಲೇ ನಿಲ್ಲಿಸಬೇಕು. ‘ಗ್ಯಾಸು’ ಎಂದು ಕಷಾಯ ಕುಡಿದು ಕಾಯಬಾರದು. 2021ರ ಜೂನ್ 12ರಂದು ಡೆನ್ಮಾರ್ಕಿನ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ಯುರೋ ಕಪ್ ಪಂದ್ಯದ ನಡುವೆ ಕುಸಿದು ಬಿದ್ದಾಗ ಬದುಕಿಸಿದ್ದು ಕ್ಷಣಮಾತ್ರದಲ್ಲಿ ಶುರುವಾದ ಎದೆ ಒತ್ತುವ ಚಿಕಿತ್ಸೆ ಮತ್ತು ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರ. ಅವರು ಮತ್ತೆ ಆಡಿದರು ಕೂಡ. ನಮ್ಮ ಜಿಲ್ಲಾ ಕ್ರೀಡಾಂಗಣಗಳಲ್ಲೂ ದೊಡ್ಡ ಜಿಮ್ಮುಗಳಲ್ಲೂ ಆ ಯಂತ್ರ, ಅದನ್ನು ಬಳಸಬಲ್ಲ ಒಬ್ಬರು ಇರಬೇಕು.

ತಲೆಗೆ ಬೀಳುವ ಪೆಟ್ಟನ್ನು ನಮ್ಮಲ್ಲಿ ಯಾರೂ ಎಣಿಸುವುದೇ ಇಲ್ಲ. ಆಸ್ಟ್ರೇಲಿಯದ ಬ್ಯಾಟರ್ ಫಿಲ್ ಹ್ಯೂಸ್ 2014ರ ನವೆಂಬರಿನಲ್ಲಿ ಬೌನ್ಸರ್ ತಗುಲಿ ತೀರಿಕೊಂಡ ಮೇಲೆ ಕ್ರಿಕೆಟ್ ಎಚ್ಚೆತ್ತಿತು, 2019ರಲ್ಲಿ ತಲೆಗೆ ಪೆಟ್ಟಾದವರಿಗೆ ಬದಲಿ ಆಟಗಾರನನ್ನು ಇಳಿಸುವ ನಿಯಮ ಬಂತು. ತಾಲ್ಲೂಕು ಮಟ್ಟದ ಕಬಡ್ಡಿಯಲ್ಲಿ ತಲೆ ತಾಗಿ ಮಂಕಾದ ಹುಡುಗನಿಗೆ ನೀರು ಎರಚಿ ಮತ್ತೆ ಅಂಕಣಕ್ಕೆ ಇಳಿಸುವುದು ಮಾತ್ರ ನಡೆದೇ ಇದೆ. ಆ ದಿನ ಅವನು ಆಡಕೂಡದು. ಇದಕ್ಕೆ ವಿನಾಯಿತಿ ಬೇಡ.

ಬಿಸಿಲಿನ ಬಗ್ಗೆ ಹೇಳಬೇಕಾದ್ದು ಸ್ವಲ್ಪ. ರಾಯಚೂರು, ಕಲಬುರಗಿಗಳ ಏಪ್ರಿಲ್ ಬಿಸಿಲಿಗೆ ಮೈ ಒಗ್ಗಲು ಒಂದೆರಡು ವಾರ ಬೇಕು. ಅಲ್ಲಿಯವರೆಗೆ ಅಭ್ಯಾಸ ಹಗುರವಾಗಿರಲಿ, ಬೆಳಗಿನ ಹೊತ್ತಿಗಿರಲಿ. ನೀರನ್ನು ಬಾಯಾರಿಕೆಗೆ ತಕ್ಕಷ್ಟು ಕುಡಿದರೆ ಸಾಕು. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ಪರೀಕ್ಷಿಸಿದ ಓಟಗಾರರಲ್ಲಿ ಶೇ. 13 ಮಂದಿಗೆ ರಕ್ತದ ಸೋಡಿಯಂ ಸಾಮಾನ್ಯ ಮಟ್ಟಕ್ಕಿಂತ ಕೆಳಗೆ ಇಳಿದಿತ್ತು, ಅತಿಯಾಗಿ ಕುಡಿದದ್ದೇ ಮುಖ್ಯ ಕಾರಣ. ಶೂಗಳ ವಿಷಯದಲ್ಲಿ ಕಾಲಿಗೆ ಹಾಯಾಗಿರುವುದನ್ನು ಕೊಳ್ಳಿ. ದುಬಾರಿ ಶೂ ಗಾಯ ತಡೆಯುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯಿಲ್ಲ.

ಇಷ್ಟಾದರೂ ಕಾಲು ಉಳುಕಿತು ಎಂದಿಟ್ಟುಕೊಳ್ಳಿ. ಐಸ್ ಇಟ್ಟು, ಕಟ್ಟಿ, ಕಾಲು ಮೇಲಿಟ್ಟು ಮಲಗುವ ಸೂತ್ರವನ್ನು 1978ರಲ್ಲಿ ಜನಪ್ರಿಯಗೊಳಿಸಿದ ಅಮೆರಿಕದ ಡಾ. ಗೇಬ್ ಮಿರ್ಕಿನ್, ಐಸ್ ಮತ್ತು ಪೂರ್ಣ ವಿಶ್ರಾಂತಿ ಗಾಯ ಮಾಯುವುದನ್ನು ತಡಮಾಡಬಹುದು ಎಂದು 2014ರಲ್ಲಿ ತಾವೇ ಬರೆದರು. ನೋವಿಗೆ ಸ್ವಲ್ಪ ಹೊತ್ತು ಐಸ್ ಇಟ್ಟರೆ ತೊಂದರೆಯಿಲ್ಲ. ಒಂದೆರಡು ದಿನದ ಬಳಿಕ ನೋವು ತಾಳುವಷ್ಟು ಮೆಲ್ಲಗೆ ಕಾಲೂರಿ ನಡೆಯುವುದೇ ಮದ್ದು. ಅವತ್ತೇ ಉಳುಕು ತೆಗೆಯುವವರ ಬಳಿ ಹೋಗಿ ಎಣ್ಣೆ ಹಾಕಿ ಬಲವಾಗಿ ತಿಕ್ಕಿಸುವುದು ಬೇಡ, ಒಳಗಿನ ರಕ್ತಸ್ರಾವ ಹೆಚ್ಚುತ್ತದೆ. ಮೂಳೆ ಮುರಿದಿದೆಯೇ ಎಂಬ ಅನುಮಾನಕ್ಕೆ ಕೆನಡಾದ ಒಟ್ಟಾವಾದಲ್ಲಿ 1992ರಲ್ಲಿ ರೂಪುಗೊಂಡ ಸರಳ ನಿಯಮವಿದೆ: ಗಾಯವಾದ ಕೂಡಲೇ ಮತ್ತು ಆಮೇಲೆಯೂ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಇಲ್ಲವೇ ಹರಡಿನ ಮೂಳೆಯ ಹಿಂಬದಿಯನ್ನು ಒತ್ತಿದಾಗ ನೋವಿದ್ದರೆ ಎಕ್ಸ್-ರೇ ಬೇಕು.

ಗಾಯಕ್ಕಿಂತ ದೊಡ್ಡ ತಪ್ಪು ಬೇಗ ಮರಳುವುದು. ಎ.ಸಿ.ಎಲ್. ಶಸ್ತ್ರಚಿಕಿತ್ಸೆ ಆದವರ ಮೇಲೆ ನಾರ್ವೆಯಲ್ಲಿ ನಡೆದ 2016ರ ಅಧ್ಯಯನ, ಒಂಬತ್ತು ತಿಂಗಳವರೆಗೆ ಮರಳುವಿಕೆಯನ್ನು ತಡಮಾಡಿದ ಒಂದೊಂದು ತಿಂಗಳಿಗೂ ಮರುಗಾಯ ಅರ್ಧದಷ್ಟು ಇಳಿಯಿತು ಎಂದಿತು. ಕ್ರಿಕೆಟಿಗ ಕೆ.ಎಲ್. ರಾಹುಲ್ 2023ರ ಮೇ ತಿಂಗಳಲ್ಲಿ ತೊಡೆಯ ಗಾಯಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಹಂತಹಂತವಾಗಿ ಚೇತರಿಸಿಕೊಂಡು ಸೆಪ್ಟೆಂಬರಿನಲ್ಲಿ ಏಷ್ಯಾ ಕಪ್‌ಗೆ ಮರಳಿದರು, ಪಾಕಿಸ್ತಾನದ ವಿರುದ್ಧ ಶತಕವನ್ನೂ ಹೊಡೆದರು. ಅವರ ಹಿಂದೆ ಫಿಸಿಯೋಗಳ ಒಂದು ಪಡೆಯೇ ಇತ್ತು. ಜಿಲ್ಲಾ ಮಟ್ಟದ ಕಬಡ್ಡಿ ಹುಡುಗಿಗೆ ಒಬ್ಬ ಫಿಸಿಯೋ ಕೂಡ ಇರುವುದಿಲ್ಲ. ಅದಕ್ಕೇ ಗಾಯವಾಗುವ ಮೊದಲೇ ತಡೆಯುವುದು ನಮ್ಮಂಥ ಕಡೆ ಇನ್ನೂ ಹೆಚ್ಚು ಅಗತ್ಯ, ಅದಕ್ಕೆ ಖರ್ಚೂ ಇಲ್ಲ.

ಪೋಷಕರಲ್ಲಿ ಒಂದು ಕೋರಿಕೆ. ಮುಂದಿನ ಸಲ ಶಾಲೆಯ ಸಭೆಗೆ ಹೋದಾಗ ಅಂಕಪಟ್ಟಿಗೆ ಸಹಿ ಹಾಕಿ ಎದ್ದು ಬರಬೇಡಿ, ಪಿ.ಟಿ. ಮೇಷ್ಟ್ರನ್ನೂ ಮಾತಾಡಿಸಿ. ಆಟದ ಪೀರಿಯಡ್ಡನ್ನು ಗಣಿತಕ್ಕೆ ಬಿಟ್ಟುಕೊಡುತ್ತಿದ್ದಾರೆಯೇ, ಹುಡುಗಿಯರೂ ಆಡುತ್ತಿದ್ದಾರೆಯೇ, ಆಟಕ್ಕೆ ಮೊದಲು 20 ನಿಮಿಷ ಓಟ, ಬಲ, ಜಿಗಿತಗಳ ವಾರ್ಮ್ ಅಪ್ ಮಾಡಿಸುತ್ತಾರೆಯೇ ಎಂದು ಕೇಳಿ. ಮಾಡಿಸುತ್ತಿಲ್ಲವಾದರೆ, ದಯವಿಟ್ಟು ಶುರುಮಾಡಿ ಎಂದು ಹೇಳಿ.